ಬಿಸಿಯೂಟದ ತಟ್ಟೆಗೆ ಅಯಸ್ಕಾಂತ ಏಕೆ ಅಂಟಲಿಲ್ಲ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳ ಶಾಲೆಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಅಭ್ಯಾಸ ಬೋಧನೆಯನ್ನು ವೀಕ್ಷಿಸುವುದು ನನ್ನ ಕೆಲಸ. ಹುಣಸೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಆರನೆಯ ತರಗತಿಗೆ ಅಯಸ್ಕಾಂತದ ಪಾಠ ನಡೆದಿತ್ತು. ‘ಕಬ್ಬಿಣ, ಕೋಬಾಲ್ಟ್, ನಿಕಲ್ – ಇವು ಅಯಸ್ಕಾಂತಕ್ಕೆ ಅಂಟುವ ಲೋಹಗಳು’ ಎಂದು ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಬರೆದರು. ಸ್ಟೀಲಿನಲ್ಲಿ ಕಬ್ಬಿಣವೂ ನಿಕಲ್ಲೂ ಇರುತ್ತವೆ ಎಂದೂ ಹೇಳಿದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ತನ್ನ ಬಿಸಿಯೂಟದ ತಟ್ಟೆಗೆ ಅಯಸ್ಕಾಂತ ಹಿಡಿದು ಕೇಳಿದಳು: ‘ಮಿಸ್, ಎರಡೂ ಇದ್ರೆ ಇದಕ್ಯಾಕೆ ಅಂಟ್ತಿಲ್ಲ?’

ಪ್ರಶಿಕ್ಷಣಾರ್ಥಿ ನನ್ನತ್ತ ನೋಡಿದರು. ‘ಅದರಲ್ಲಿ ನಿಕಲ್ ಇರಲಿಕ್ಕಿಲ್ಲ, ಕೂತ್ಕೊಳಮ್ಮ’ ಎಂದೆ. ಅವಳು ತಟ್ಟೆಯನ್ನು ಬ್ಯಾಗಿಗೆ ಹಾಕಿಕೊಂಡಳು. ಪಾಠ ಮುಂದುವರಿಯಿತು.

ಸಂಜೆ ಕಾಲೇಜಿಗೆ ಬಂದು ಓದಿದಾಗ ತಿಳಿಯಿತು, ನಾನು ಹೇಳಿದ ಕಾರಣ ತಲೆಕೆಳಗಾಗಿತ್ತು. ಅಂಥ ತಟ್ಟೆ ಅಂಟದಿರಲು ಅನೇಕ ಸಲ ನಿಕಲ್ಲೇ ಕಾರಣ.

ನಿಕಲ್ ಎಂಬ ಲೋಹ

ನಿಕಲ್‌ನ ಪರಮಾಣು ಸಂಖ್ಯೆ 28. ಸ್ವೀಡನ್ನಿನ ಕ್ರೋನ್‌ಸ್ಟೆಟ್ 1751ರಲ್ಲಿ ಇದನ್ನು ಬೇರ್ಪಡಿಸಿದರು. ತಾಮ್ರದ ಅದಿರಿನಂತೆ ಕಂಡರೂ ತಾಮ್ರ ಕೊಡದ ಒಂದು ಅದಿರನ್ನು ಜರ್ಮನಿಯ ಗಣಿಗಾರರು ‘ತಾಮ್ರದ ಭೂತ’ ಎಂಬರ್ಥದ ಹೆಸರಿನಿಂದ ಬೈಯುತ್ತಿದ್ದರು. ಆ ಬೈಗುಳವೇ ಲೋಹದ ಹೆಸರಾಯಿತು. ಬೆಳ್ಳಿಯಂಥ ಹೊಳಪಿನ ಗಟ್ಟಿ ಲೋಹ. ತಗಡಾಗಿ ಬಡಿಯಬಹುದು, ತಂತಿಯಾಗಿ ಎಳೆಯಬಹುದು. ಸಾಂದ್ರತೆ ಘನ ಸೆಂಟಿಮೀಟರಿಗೆ 8.9 ಗ್ರಾಂ, ದ್ರವನ ಬಿಂದು 1455 ಡಿಗ್ರಿ ಸೆಲ್ಸಿಯಸ್. ಗಾಳಿ, ನೀರಿಗೆ ಸುಲಭವಾಗಿ ಕೆಡುವುದಿಲ್ಲ. ಶುದ್ಧ ನಿಕಲ್ ಅಯಸ್ಕಾಂತಕ್ಕೆ ಅಂಟುತ್ತದೆ. ಕಪ್ಪುಹಲಗೆಯ ಮೇಲಿನ ವಾಕ್ಯ ತಪ್ಪಲ್ಲ, ಅದು ಶುದ್ಧ ಲೋಹದ ಮಾತು.

ತಟ್ಟೆಯ ಗುಟ್ಟು

ಒಳ್ಳೆಯ ಪಾತ್ರೆಗಳಿಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಬ್ಬಿಣದ ಜೊತೆಗೆ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಇರುತ್ತದೆ. ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಕಟ್ಟಿ ತುಕ್ಕು ತಡೆಯುತ್ತದೆ. ನಿಕಲ್‌ನ ಮುಖ್ಯ ಕೆಲಸ ಒಳಗೆ. ಸಾಮಾನ್ಯ ಉಷ್ಣತೆಯಲ್ಲಿ ಕಬ್ಬಿಣದ ಪರಮಾಣುಗಳು ಘನದ ಎಂಟು ಮೂಲೆಗಳಲ್ಲಿ ಮತ್ತು ನಟ್ಟನಡುವೆ ಕುಳಿತಿರುತ್ತವೆ. ಸಾಕಷ್ಟು ನಿಕಲ್ ಸೇರಿದಾಗ ಜೋಡಣೆ ಬದಲಾಗಿ, ಮೂಲೆಗಳಲ್ಲಿ ಮತ್ತು ಪ್ರತಿ ಮುಖದ ನಡುವೆ ಕೂರುತ್ತವೆ. ಈ ಜೋಡಣೆಯ ಸ್ಟೀಲಿನಲ್ಲಿ ಪರಮಾಣುಗಳ ಪುಟ್ಟ ಅಯಸ್ಕಾಂತಗಳು ಒಂದೇ ದಿಕ್ಕಿಗೆ ನಿಲ್ಲುವುದಿಲ್ಲ. ಅಂಟುವ ಎರಡು ಲೋಹ ಸೇರಿ ಅಂಟದ ಸ್ಟೀಲು ಆಗುವುದು ಹೀಗೆ. ಇದೇ ಜೋಡಣೆಯಿಂದ ಸ್ಟೀಲು ಬಿರುಕು ಬಿಡದೆ ಆಳವಾದ ಪಾತ್ರೆಯ ಆಕಾರಕ್ಕೆ ಬಗ್ಗುತ್ತದೆ. ಜಗತ್ತಿನ ನಿಕಲ್‌ನಲ್ಲಿ ಸುಮಾರು ಮೂರನೇ ಎರಡು ಭಾಗ ಸ್ಟೇನ್‌ಲೆಸ್ ಸ್ಟೀಲಿಗೇ ಹೋಗುತ್ತದೆ.

ಮಿಶ್ರಲೋಹದ ಗುಣ ಅದರಲ್ಲಿರುವ ಲೋಹಗಳ ಗುಣಗಳ ಕೂಡುಲೆಕ್ಕವಲ್ಲ. ಈ ಪಾಠದಲ್ಲಿ ಮಕ್ಕಳಿಗೆ ದಕ್ಕಬೇಕಾದ ಕಲಿಕಾಂಶ ಇದು.

ಸುತ್ತಲೇ ಸಿಗುವ ಬೋಧನೋಪಕರಣಗಳು

ಇದಾದ ಮೇಲೆ ನಾಲ್ಕೂ ತಾಲ್ಲೂಕುಗಳಲ್ಲಿ ಒಂದೇ ಕ್ರಮ ಅನುಸರಿಸಿದೆವು: ಮೊದಲು ಊಹೆ ಬರೆಯುವುದು, ಆಮೇಲೆ ಅಯಸ್ಕಾಂತ ಹಿಡಿಯುವುದು.

ಪಿರಿಯಾಪಟ್ಟಣದ ಮಕ್ಕಳಿಗೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಚೆನ್ನಾಗಿ ಗೊತ್ತು. ಅದರೊಳಗೆ ಬಿಸಿ ಹಾಯಿಸುವ ಕಬ್ಬಿಣದ ತಗಡಿನ ಕೊಳವೆಗೆ ಅಯಸ್ಕಾಂತ ಅಂಟುತ್ತದೆ, ಅದಕ್ಕೆ ತುಕ್ಕೂ ಹಿಡಿಯುತ್ತದೆ. ಕೆ.ಆರ್.ನಗರದಲ್ಲಿ ಹಾಲಿನ ಡೇರಿಯ ಸ್ಟೀಲ್ ತೊಟ್ಟಿಗೆ ಹಿಡಿದರೆ ಅಂಟಲಿಲ್ಲ. ಅಲ್ಲಿಯೇ ಕೆಟ್ಟುಹೋದ ಇಸ್ತ್ರಿಪೆಟ್ಟಿಗೆಯೊಂದನ್ನು ಬಿಚ್ಚಿ ನೈಕ್ರೋಮ್ ತಂತಿ ತೋರಿಸಿದೆವು. ಇದು ಹೆಚ್ಚಾಗಿ ನಿಕಲ್, ಉಳಿದದ್ದು ಕ್ರೋಮಿಯಂ. ವಿದ್ಯುತ್ತಿಗೆ ಹೆಚ್ಚು ರೋಧ ಒಡ್ಡಿ ಕೆಂಪಗೆ ಕಾಯುತ್ತದೆ, ಆದರೂ ಬೇಗ ಸುಟ್ಟುಹೋಗುವುದಿಲ್ಲ.

ಎಚ್.ಡಿ.ಕೋಟೆಯಲ್ಲಿ ನಾಣ್ಯಗಳು ಕೆಲಸಕ್ಕೆ ಬಂದವು. ಈಗಿನ 1 ರೂಪಾಯಿ ನಾಣ್ಯ ನಿಕಲ್ ಇಲ್ಲದ ಸ್ಟೇನ್‌ಲೆಸ್ ಸ್ಟೀಲು, ಶೇ. 83 ಕಬ್ಬಿಣ, ಶೇ. 17 ಕ್ರೋಮಿಯಂ, ಅದು ಅಂಟುತ್ತದೆ. ಹಿತ್ತಾಳೆ ಬಣ್ಣದ 5 ರೂಪಾಯಿಯಲ್ಲಿ ಶೇ. 75 ತಾಮ್ರ, ಶೇ. 20 ಸತು, ಶೇ. 5 ನಿಕಲ್, ಅದು ಅಂಟುವುದಿಲ್ಲ. ಒಬ್ಬ ಹುಡುಗ ಅಜ್ಜಿಯ ಪೆಟ್ಟಿಗೆಯಿಂದ 1950ರ ದಶಕದ ಎಂಟಾಣೆ ತಂದಿದ್ದ. ಅದು ಶುದ್ಧ ನಿಕಲ್, ಟಪ್ಪನೆ ಅಂಟಿತು. ಬೋರ್ಡಿನ ವಾಕ್ಯಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಉಳಿದ ಉಪಯೋಗಗಳನ್ನು ಪಟ್ಟಿಯಾಗಿ ಬರೆಸುವ ಬದಲು ಗುಣದ ಜೊತೆ ಜೋಡಿಸಿ ಹೇಳಬಹುದು. ಬಹಳ ಬಿಸಿಯಲ್ಲೂ ಬಲ ಉಳಿಸಿಕೊಳ್ಳುವುದರಿಂದ ನಿಕಲ್ ಮಿಶ್ರಲೋಹಗಳು ಜೆಟ್ ಎಂಜಿನ್ನಿನ ಅಲಗುಗಳಿಗೆ, ತುಕ್ಕು ತಡೆಯುವುದರಿಂದ ಸೈಕಲ್ ಹ್ಯಾಂಡಲ್ಲಿನ ಲೇಪಕ್ಕೆ, ಎಣ್ಣೆಗೆ ಹೈಡ್ರೋಜನ್ ಸೇರುವ ಕ್ರಿಯೆಯನ್ನು ಚುರುಕುಗೊಳಿಸುವುದರಿಂದ ವನಸ್ಪತಿ ತಯಾರಿಕೆಗೆ ಬಳಕೆಯಾಗುತ್ತದೆ. ಬ್ಯಾಟರಿಗಳಿಗೂ ಬೇಕು. ನಮ್ಮ ದೇಶ ನಿಕಲ್‌ಗೆ ಬಹುಪಾಲು ಆಮದನ್ನೇ ನಂಬಿದೆ. ಹಳೆಯ ಸ್ಟೀಲು ಗುಜರಿಗೆ ಹೋಗಿ ಮತ್ತೆ ಕರಗುವುದಕ್ಕೆ ಬೆಲೆ ಬರುವುದು ಇದರಿಂದಲೂ ಹೌದು.

ಎರಡು ಎಚ್ಚರಿಕೆ

ಅಯಸ್ಕಾಂತ ಅಂಟದಿದ್ದರೆ ನಿಕಲ್ ಇದ್ದೇ ಇದೆ ಎನ್ನಬೇಡಿ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿದ ಅಗ್ಗದ ಸ್ಟೀಲೂ ಅಂಟುವುದಿಲ್ಲ. ಇನ್ನು, ಅಂಟದ ಪಾತ್ರೆಯ ಅಂಚು, ಮಡಿಕೆಗಳಲ್ಲಿ ಅಯಸ್ಕಾಂತ ಸ್ವಲ್ಪ ಎಳೆಯಬಹುದು. ತಣ್ಣಗಿರುವಾಗ ಬಗ್ಗಿಸಿದ ಕಡೆ ಪರಮಾಣು ಜೋಡಣೆ ಅಷ್ಟಿಷ್ಟು ಮೊದಲಿನಂತಾಗುವುದೇ ಇದಕ್ಕೆ ಕಾರಣ. ಮಕ್ಕಳು ಇದನ್ನು ಖಂಡಿತ ಕಂಡುಹಿಡಿಯುತ್ತಾರೆ.

ಮುಂದಿನ ವಾರ ಹುಣಸೂರಿನ ಆ ತರಗತಿಗೆ ಮತ್ತೆ ಹೋದೆ. ‘ಹೋದ ವಾರ ನಾನು ಹೇಳಿದ್ದು ತಪ್ಪು, ನಿನ್ನ ಪ್ರಶ್ನೆ ಸರಿಯಾಗಿತ್ತು’ ಎಂದೆ. ಅವಳು ತಟ್ಟೆ ತೆಗೆದು, ಅಂಚಿಗೆ ಅಯಸ್ಕಾಂತ ಹಿಡಿದು, ‘ಸಾರ್, ಇಲ್ಲಿ ಒಂಚೂರು ಎಳೀತದೆ, ಯಾಕೆ?’ ಎಂದಳು. ಈ ಸಲ ಪ್ರಶಿಕ್ಷಣಾರ್ಥಿ ನನ್ನತ್ತ ನೋಡಲಿಲ್ಲ. ‘ಎಲ್ಲರೂ ತಟ್ಟೆ ತೆಗೀರಿ, ನೋಡೋಣ’ ಎಂದರು.