ಹದವರಿತ ಉತ್ಕರ್ಷಣ

ಮುಧೋಳ ಸೀಮೆ ಕಬ್ಬಿನ ನಾಡು. ಇಲ್ಲಿನ ತಿಮ್ಮಾಪುರದಲ್ಲಿ ರೈತರು ಒಂದುಗೂಡಿ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟಿದರು. ಅಂಥ ಕಾರ್ಖಾನೆಗಳು ಬರುವ ಮುನ್ನವೂ ಈ ನಾಡಿನಲ್ಲಿ ಆಲೆಮನೆಗಳಿದ್ದವು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲನ್ನು ಯಾವ ಗಳಿಗೆಯಲ್ಲಿ ಇಳಿಸಬೇಕೆಂಬುದನ್ನು ಪಳಗಿದವರೇ ಬಲ್ಲರು. ಬೇಗ ಇಳಿಸಿದರೆ ಬೆಲ್ಲ ಗಟ್ಟಿಯಾಗದು, ತಡಮಾಡಿದರೆ ಸೀದುಹೋಗುವುದು. ರಸಾಯನ ವಿಜ್ಞಾನದಲ್ಲಿಯೂ ಇಂಥದೇ ಹದದ ಪ್ರಶ್ನೆಯೊಂದುಂಟು.

ವಸ್ತುವೊಂದು ಆಮ್ಲಜನಕದೊಡನೆ ಕೂಡುವುದು ಉತ್ಕರ್ಷಣ. ಎಥಿಲೀನ್ ಎಂಬ ಅನಿಲವನ್ನು ನೋಡೋಣ. ಎರಡು ಇಂಗಾಲದ ಪರಮಾಣುಗಳು ದ್ವಿಬಂಧದಿಂದ ಬೆಸೆದುಕೊಂಡಿರುವ ಇದು ಆಲ್ಕೀನ್‌ಗಳಲ್ಲೆಲ್ಲ ಚಿಕ್ಕದು. ಇದಕ್ಕೆ ಕಿಡಿ ತಾಗಿಸಿದರೆ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರು ಮಾತ್ರ ಉಳಿಯುತ್ತವೆ. ಉತ್ಕರ್ಷಣವನ್ನು ನಡುದಾರಿಯಲ್ಲಿಯೇ ನಿಲ್ಲಿಸಿದರಾದರೋ ಅಸಿಟಾಲ್ಡಿಹೈಡ್ ಎಂಬ ಬೆಲೆಯುಳ್ಳ ವಸ್ತು ದೊರೆಯುತ್ತದೆ. ಹೀಗೆ ಬೇಕಾದ ಹಂತದಲ್ಲಿ ತಡೆಯುವ ಕೆಲಸವನ್ನು ಲೋಹದ ಕ್ರಿಯಾವರ್ಧಕಗಳು ಮಾಡುತ್ತವೆ. ಅವು ಕ್ರಿಯೆಯಲ್ಲಿ ಪಾಲ್ಗೊಂಡರೂ ಕೊನೆಗೆ ಮೊದಲಿನ ರೂಪಕ್ಕೆ ಮರಳುತ್ತವೆ.

ಪೆಲ್ಲೇಡಿಯಂ ಕ್ಲೋರೈಡಿನ ದ್ರಾವಣದಲ್ಲಿ ಎಥಿಲೀನನ್ನು ಹಾಯಿಸಿದರೆ ಆಲ್ಡಿಹೈಡ್ ಉಂಟಾಗುವುದನ್ನು ಅಮೆರಿಕದ ಫಿಲಿಪ್ಸ್ 1894ರಲ್ಲಿಯೇ ಕಂಡಿದ್ದನು. ಆದರೆ ದುಬಾರಿಯಾದ ಪೆಲ್ಲೇಡಿಯಂ ಲೋಹವಾಗಿ ತಳಕ್ಕಿಳಿದು ಕ್ರಿಯೆ ನಿಂತುಹೋಗುತ್ತಿತ್ತು. 1959ರಲ್ಲಿ ಜರ್ಮನಿಯ ಸ್ಮಿಟ್ ಮತ್ತು ಸಂಗಡಿಗರು ಇದಕ್ಕೆ ಪರಿಹಾರವನ್ನು ಪ್ರಕಟಿಸಿದರು. ತಾಮ್ರದ ಕ್ಲೋರೈಡು ಪೆಲ್ಲೇಡಿಯಮ್ಮನ್ನು ಮತ್ತೆ ದ್ರಾವಣಕ್ಕೆ ತರುತ್ತದೆ. ಗಾಳಿಯ ಆಮ್ಲಜನಕ ತಾಮ್ರವನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಹೀಗೆ ಅಲ್ಪ ಪ್ರಮಾಣದ ಪೆಲ್ಲೇಡಿಯಂ ಮತ್ತೆ ಮತ್ತೆ ದುಡಿಯುತ್ತದೆ. ಇದೇ ವ್ಯಾಕರ್ ವಿಧಾನ.

ಇದಕ್ಕೆ ಮುನ್ನ ಬಳಕೆಯಲ್ಲಿದ್ದ ವಿಧಾನವೊಂದು ಬೇರೆ ಬಗೆಯದು. ಅಸಿಟಿಲೀನ್ ಅನಿಲಕ್ಕೆ ಪಾದರಸದ ಲವಣದ ನೆರವಿನಿಂದ ನೀರನ್ನು ಕೂಡಿಸಿ ಅಸಿಟಾಲ್ಡಿಹೈಡನ್ನು ಪಡೆಯುತ್ತಿದ್ದರು. ಜಪಾನಿನ ಮಿನಮಾತಾ ಪಟ್ಟಣದ ಕಾರ್ಖಾನೆಯೊಂದು 1932ರಿಂದ 1968ರವರೆಗೆ ಹೀಗೆಯೇ ಮಾಡಿತು. ಕ್ರಿಯೆಯಲ್ಲಿ ಹುಟ್ಟಿದ ಮೀಥೈಲ್ ಪಾದರಸ ಕೊಳೆನೀರಿನೊಡನೆ ಕೊಲ್ಲಿಯನ್ನು ಸೇರಿತು. ಮೀನಿನ ಮೂಲಕ ಮನುಷ್ಯರ ಒಡಲನ್ನು ಹೊಕ್ಕಿತು. ಜನರು ನಡೆಯಲಾರದೆ, ಮಾತನಾಡಲಾರದೆ ನರಳಿದರು, ಅನೇಕರು ಸತ್ತರು. ತಾಯಿಯ ಗರ್ಭದಲ್ಲಿದ್ದ ಶಿಶುಗಳಿಗೂ ವಿಷ ತಟ್ಟಿತು. 1956ರಲ್ಲಿ ರೋಗ ಅಧಿಕೃತವಾಗಿ ಗುರುತಿಸಲ್ಪಟ್ಟ ಮೇಲೂ ಹನ್ನೆರಡು ವರ್ಷ ಆ ಉತ್ಪಾದನೆ ನಿಲ್ಲಲಿಲ್ಲ. ಪಾದರಸವು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಆದರೆ ಅದು ಕಾರ್ಖಾನೆಯ ಗೋಡೆಯೊಳಗೆ ಉಳಿಯಲಿಲ್ಲ.

ಕಬ್ಬಿನ ಸೀಮೆಗೂ ಈ ವಿದ್ಯೆಗೂ ನಂಟುಂಟು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುದುಗಿಸಿದರೆ ಮದ್ಯಸಾರ ಬರುತ್ತದೆ. ಮುಧೋಳ ಸೀಮೆಯ ಸಮೀರವಾಡಿಯಲ್ಲಿ ಸಕ್ಕರೆಯ ಜೊತೆಗೆ ಮದ್ಯಸಾರವೂ ತಯಾರಾಗುತ್ತದೆ. ಮದ್ಯಸಾರದ ಆವಿಯನ್ನು ಗಾಳಿಯೊಡನೆ ಕಾದ ಬೆಳ್ಳಿಯ ಮೇಲೆ ಹಾಯಿಸಿದರೂ ಅಸಿಟಾಲ್ಡಿಹೈಡ್ ದೊರೆಯುತ್ತದೆ. ಇಲ್ಲಿ ಮೂಲವಸ್ತು ಭೂಗರ್ಭದ ಎಣ್ಣೆಯಲ್ಲ, ಹೊಲದ ಬೆಳೆ.

ವ್ಯಾಕರ್ ವಿಧಾನವೂ ದೋಷರಹಿತವಲ್ಲ. ಅದರಲ್ಲಿ ಕ್ಲೋರಿನ್ ಕೂಡಿದ ಕಶ್ಮಲಗಳು ಹುಟ್ಟುತ್ತವೆ. ಅಲ್ಲದೆ ಎಥಿಲೀನಿಗಿಂತ ದೊಡ್ಡ ಆಲ್ಕೀನ್‌ಗಳಿಂದ ಸಾಮಾನ್ಯವಾಗಿ ಆಲ್ಡಿಹೈಡಿಗೆ ಬದಲು ಕೀಟೋನ್ ಬರುತ್ತದೆ. 2013ರಲ್ಲಿ ಅಮೆರಿಕದ ಗ್ರಬ್ಸ್ ಮತ್ತು ಸಂಗಡಿಗರು ನೈಟ್ರೈಟ್ ಲವಣವನ್ನು ಬೆರೆಸಿ ಕ್ರಿಯೆಯನ್ನು ಆಲ್ಡಿಹೈಡಿನ ಕಡೆಗೆ ತಿರುಗಿಸಿದರು. 2017ರಲ್ಲಿ ಫ್ರಾನ್ಸಿಸ್ ಆರ್ನಾಲ್ಡ್ ಅವರ ತಂಡವು ಕಬ್ಬಿಣವನ್ನೊಳಗೊಂಡ ಕಿಣ್ವವೊಂದನ್ನು ಅದೇ ಕೆಲಸಕ್ಕೆ ಪಳಗಿಸಿತು.

ಕ್ರಿಯಾವರ್ಧಕವನ್ನು ಆರಿಸುವಾಗ ವಿಜ್ಞಾನಿ ಕೇಳಬೇಕಾದ ಪ್ರಶ್ನೆಗಳು ಎರಡು. ಕ್ರಿಯೆ ತಕ್ಕ ಹದದಲ್ಲಿ ನಿಲ್ಲುವುದೇ ಎಂಬುದು ಮೊದಲನೆಯದು. ಕೆಲಸ ಮುಗಿದ ಬಳಿಕ ಆ ಲೋಹ ಎಲ್ಲಿಗೆ ಹೋಗುತ್ತದೆ ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಯನ್ನು ಕೇಳದೆ ಬಿಟ್ಟುದರ ಬೆಲೆಯನ್ನು ಮಿನಮಾತಾದ ಬೆಸ್ತರ ಮನೆಗಳು ತೆತ್ತವು.