ಓಣಿ ಓಣಿ ಎಣಿಸಿದ ಡುಬಾಯ್ಸ್

ಗದಗ ಜಿಲ್ಲೆಯ ಮೆಣಸಗಿ ಊರಿನವರು ರೈಲು ಹತ್ತುವ ಹೊಳೆಆಲೂರು ಸ್ಟೇಷನ್ನು ಗದಗ–ಹೊಟಗಿ ಮಾರ್ಗದ್ದು. 1884ರಲ್ಲಿ ಈ ಹಳಿಗಳ ಮೇಲೆ ಗಾಡಿ ಓಡತೊಡಗಿತು. ಹತ್ತಿ, ಜೋಳ, ಉಪ್ಪು ಎಲ್ಲವೂ ರೈಲೇರಿದವು. ಅಲ್ಲಿಯವರೆಗೆ ಉಪ್ಪು ಒಳನಾಡಿಗೆ ಬರುತ್ತಿದ್ದದ್ದು ಬಹುಮಟ್ಟಿಗೆ ಲಮಾಣಿಗರ, ಕೊರವರ ಎತ್ತುಗಳ ಬೆನ್ನ ಮೇಲೆ. ಕರಾವಳಿಯಲ್ಲಿ ಉಪ್ಪು ಹೇರಿಕೊಂಡು ಘಟ್ಟ ಹತ್ತುವುದು, ಊರೂರಲ್ಲಿ ಅದನ್ನು ಕಾಳಿಗೆ ಕೊಟ್ಟು ಮತ್ತೆ ಇಳಿಯುವುದು ಅವರ ಕಸುಬು. ಸರಕಾರ ಉಪ್ಪಿನ ಮೇಲೆ ಹಿಡಿತ ಬಿಗಿಮಾಡಿತು. ಅಡವಿಗೆ ಕಟ್ಟಳೆ ಬಂದು ದನಗಳಿಗೆ ಮೇವು ತಪ್ಪಿತು. 1876–78ರ ಬರ ಎತ್ತುಗಳನ್ನೇ ತಿಂದುಹಾಕಿತು. ಉಳಿದದ್ದನ್ನು ರೈಲು ಮುಗಿಸಿತು.

ಕಸುಬು ಕಳೆದುಕೊಂಡು ಅಲೆಯುತ್ತಿದ್ದ ಇಂಥವರಿಗೆ ಸರಕಾರ ಕೊಟ್ಟ ಹೆಸರು ‘ಅಪರಾಧಿ ಬುಡಕಟ್ಟು’. ಇದರ ಕಾಯ್ದೆ 1871ರಲ್ಲಿ ಉತ್ತರ ಭಾರತದಲ್ಲಿ ಹುಟ್ಟಿತು, 1911ರ ಹೊಸ ಕಾಯ್ದೆಯ ಮೂಲಕ ಮುಂಬಯಿ, ಮದರಾಸು ಪ್ರಾಂತಗಳಿಗೂ ಬಂತು. ಬಡಗಿಯ ಮಗ ಬಡಗಿಯಾಗುವ ನಾಡಿನಲ್ಲಿ ಕಳ್ಳನ ಮಗ ಕಳ್ಳನಾಗುತ್ತಾನೆ ಎಂಬುದು ಅಧಿಕಾರಿಗಳ ವಾದ. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಸೆಟ್ಲಮೆಂಟುಗಳು ಎದ್ದವು. ಒಳಗಿದ್ದವರು ದಿನವೂ ಹಾಜರಿ ಕೊಡಬೇಕು, ಹೊರಗೆ ಹೋಗಬೇಕಾದರೆ ಪಾಸು ಬೇಕು. ಗಿರಣಿಗೆ ಅಗ್ಗದ ಆಳು ಸಿಕ್ಕಿತು. ಆ ಓಣಿಗಳನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ.

ಮದರಾಸು ಪ್ರಾಂತದ ಕೊರವರ ಕಡತಗಳನ್ನು ಹುಡುಕಿ, ಉಪ್ಪಿನ ಹೇರಿನಿಂದ ಸೆಟ್ಲಮೆಂಟಿನವರೆಗಿನ ಈ ದಾರಿಯನ್ನು ತೋರಿಸಿಕೊಟ್ಟವರು ವಿದ್ವಾಂಸೆ ಮೀನಾ ರಾಧಾಕೃಷ್ಣ. ಅವರ ಪುಸ್ತಕ ಬಂದದ್ದು 2001ರಲ್ಲಿ. ಆದರೆ ‘ಇದು ರಕ್ತದ ಗುಣ’ ಎಂಬ ಮಾತನ್ನು ಎಣಿಕೆಯಿಂದಲೇ ಎದುರಿಸುವ ರೀತಿ ಅದಕ್ಕೂ ನೂರು ವರ್ಷ ಹಿಂದಿನದು. ಅದಕ್ಕಾಗಿ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಗಬೇಕು.

1896ರಲ್ಲಿ ವಿಮಾ ಕಂಪನಿಯೊಂದರ ಅಂಕಿಅಂಶಗಾರ ಫ್ರೆಡರಿಕ್ ಹಾಫ್‌ಮನ್ ಒಂದು ಪುಸ್ತಕ ಬರೆದ. ಕರಿಯರಲ್ಲಿ ಕ್ಷಯ ಹೆಚ್ಚು, ಸಾವು ಹೆಚ್ಚು, ಅಪರಾಧವೂ ಹೆಚ್ಚು. ಅದು ಅವರ ಜನಾಂಗದ ಸ್ವಭಾವ, ಅವರು ತಾವಾಗಿಯೇ ಅಳಿದುಹೋಗುತ್ತಾರೆ ಎಂದ. ಅದೇ ವರ್ಷ 28ರ ಹರೆಯದ ಕರಿಯ ಸಮಾಜಶಾಸ್ತ್ರಜ್ಞ ಡಬ್ಲ್ಯು. ಇ. ಬಿ. ಡುಬಾಯ್ಸ್ ಫಿಲಡೆಲ್ಫಿಯಾದ ಏಳನೇ ವಾರ್ಡಿನಲ್ಲಿ ಹೆಂಡತಿಯೊಡನೆ ಬಿಡಾರ ಹೂಡಿ, ಮನೆಮನೆಯ ಬಾಗಿಲು ತಟ್ಟತೊಡಗಿದರು. ಕುಟುಂಬಕ್ಕೊಂದು ನಮೂನೆ, ವ್ಯಕ್ತಿಗೊಂದು, ಮನೆಗೊಂದು, ಬೀದಿಗೂ ಬೇರೆಯೇ ಒಂದು. ಲೆಕ್ಕ ಕೂಡಿಸಿದಾಗ 2,441 ಕುಟುಂಬಗಳಲ್ಲಿ ಬಚ್ಚಲು, ಪಾಯಖಾನೆಯ ಸೌಲಭ್ಯ ಇದ್ದದ್ದು 334ಕ್ಕೆ ಮಾತ್ರ. ಗಾಳಿಯಾಡದ ಕೋಣೆ, ಕೆಟ್ಟ ಊಟ, ಹೊಲಸು ನೀರು. ಇವಿದ್ದಲ್ಲಿ ಕ್ಷಯಕ್ಕೆ ಜನಾಂಗದ ಕಾರಣ ಯಾಕೆ ಬೇಕು? ಅಪರಾಧಕ್ಕೂ ಅವರು ಅದೇ ಬಗೆಯ ಉತ್ತರ ಕೊಟ್ಟರು. ಕಸುಬು ಕಲಿತ ಹುಡುಗನಿಗೂ ಬಣ್ಣ ನೋಡಿ ಕೆಲಸ ಕೊಡದ ಊರು ಅದು. ‘ದಿ ಫಿಲಡೆಲ್ಫಿಯಾ ನೀಗ್ರೊ’ 1899ರಲ್ಲಿ ಅಚ್ಚಾಯಿತು. ಅದರಲ್ಲಿ ಬಡವರ ನಡತೆಯ ಬಗ್ಗೆ ಡುಬಾಯ್ಸ್ ಅಲ್ಲಲ್ಲಿ ಕಟುವಾಗಿದ್ದಾರೆ, ಅದು ನನಗೆ ಒಪ್ಪಿಗೆಯಾಗುವುದಿಲ್ಲ. ಆದರೂ ಆರೋಗ್ಯ ಮತ್ತು ಅಪರಾಧದ ಅಧ್ಯಾಯಗಳನ್ನು ಒಂದೇ ಹೊತ್ತಿಗೆಯೊಳಗೆ, ಒಂದೇ ಬೀದಿಗಳ ಲೆಕ್ಕದ ಮೇಲೆ ನಿಲ್ಲಿಸಿದ್ದು ದೊಡ್ಡ ಕೆಲಸ. ಅಮೆರಿಕದ ವಿಶ್ವವಿದ್ಯಾಲಯಗಳು ಅದನ್ನು ಬಹುಕಾಲ ಕಣ್ಣೆತ್ತಿ ನೋಡಲಿಲ್ಲ. ಇಂದು ಆರೋಗ್ಯದ ಅಸಮಾನತೆಯನ್ನು ಅಭ್ಯಾಸ ಮಾಡುವವರು ಅಲ್ಲಿಂದಲೇ ಶುರುಮಾಡುತ್ತಾರೆ.

ನಮ್ಮಲ್ಲಿ ಮುಂಬಯಿ ಪ್ರಾಂತ 1949ರಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆಯನ್ನು ತೆಗೆಯಿತು, ದೇಶದಾದ್ಯಂತ ಅದು ರದ್ದಾದದ್ದು 31 ಆಗಸ್ಟ್ 1952ರಂದು. ಸಂಶಯ ಮಾತ್ರ ರದ್ದಾಗಲಿಲ್ಲ. ರೂಢಿಗತ ಅಪರಾಧಿಗಳ ಕಾಯ್ದೆಗಳು ಅದರ ಜಾಗಕ್ಕೆ ಬಂದವು, ಕರ್ನಾಟಕದ್ದು 1961ರಲ್ಲಿ. ಜೈಲು ಕೈಪಿಡಿಗಳಲ್ಲಿ ಉಳಿದಿದ್ದ ಜಾತಿಭೇದದ ನಿಯಮಗಳನ್ನೂ ಈ ಜನರನ್ನು ಹುಟ್ಟುಗಳ್ಳರಂತೆ ಕಾಣುವ ಉಲ್ಲೇಖಗಳನ್ನೂ ಸುಪ್ರೀಂ ಕೋರ್ಟು ಹೊಡೆದುಹಾಕಿದ್ದು ಅಕ್ಟೋಬರ್ 2024ರಲ್ಲಿ. ಅಂದರೆ ಕಾಯ್ದೆ ಸತ್ತು 72 ವರ್ಷಗಳಾದ ಮೇಲೆ.

ಆರೋಗ್ಯದ ವಿಷಯದಲ್ಲಿ ನಮ್ಮದು ಇನ್ನೂ ಕುರುಡು ಲೆಕ್ಕ. ಲಮಾಣಿ ತಾಂಡಾದ ಬಸುರಿ ಹೆಂಗಸು ಗಂಡನೊಡನೆ ಗೋವಾಕ್ಕೆ ಗುಳೆ ಹೋದಳೆಂದರೆ ಅವಳ ತಾಯಿ ಕಾರ್ಡು ಒಂದು ಕಡೆ, ಹೆರಿಗೆ ಇನ್ನೊಂದು ಕಡೆ. ಕೂಸಿನ ಚುಚ್ಚುಮದ್ದು ಎರಡೂ ಊರಿನ ಆಶಾ ಕಾರ್ಯಕರ್ತೆಯರ ಕೈತಪ್ಪುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಎಂದು ವಿಂಗಡಿಸುತ್ತದೆ. ಕಾಯ್ದೆಯಿಂದ ಬಿಡುಗಡೆಯಾದ ವಿಮುಕ್ತ ಸಮುದಾಯಗಳು ಈ ಮೂರರಲ್ಲೂ ಚದುರಿಹೋಗಿರುವುದರಿಂದ ಅವರ ಮಕ್ಕಳ ಸಾವು, ತಾಯಂದಿರ ರಕ್ತಹೀನತೆ ಪ್ರತ್ಯೇಕವಾಗಿ ಕಾಣುವುದೇ ಇಲ್ಲ. ಇವರ ಬಗ್ಗೆ ನಂಬುವಂಥ ಅಂಕಿಅಂಶ ಇಲ್ಲವೆಂಬುದನ್ನು ಕೇಂದ್ರ ಸರಕಾರ ಇವರಿಗಾಗಿಯೇ ನೇಮಿಸಿದ ರೆಂಕೆ ಆಯೋಗ 2008ರಲ್ಲಿ, ಆಮೇಲೆ ಇದಾತೆ ಆಯೋಗ, ಎರಡೂ ಎತ್ತಿ ಹೇಳಿದವು.

ರೋಣ, ಗಜೇಂದ್ರಗಡದ ತಾಂಡಾಗಳಿಗೆ ಡುಬಾಯ್ಸರದಂಥ ನಮೂನೆಯೊಂದನ್ನು ಬರೆಯುವುದಾದರೆ ಕೇಳಬೇಕಾದ ಪ್ರಶ್ನೆಗಳು ಹೀಗಿದ್ದಾವು: ನಳ ಓಣಿಯ ಯಾವ ತುದಿಗೆ ನಿಂತಿದೆ? ಗಟಾರ ಇದೆಯೇ? ವರ್ಷದಲ್ಲಿ ಎಷ್ಟು ತಿಂಗಳು ಮನೆಗೆ ಬೀಗ? ಊರಲ್ಲಿ ಕಳವಾದಾಗ ಪೊಲೀಸರು ಮೊದಲು ಯಾವ ಓಣಿಗೆ ಹೋಗುತ್ತಾರೆ?