ಕೈಗೆ ಒಗ್ಗುವ ಆಯುಧ

ಚಿತ್ರದುರ್ಗದ ಓಬವ್ವನ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಿದ್ದಾಗ ಆಕೆ ಒನಕೆಯನ್ನು ಎತ್ತಿಕೊಂಡಳೆಂಬುದನ್ನು ನಾವು ಧೈರ್ಯಕ್ಕೆ ನಿದರ್ಶನವಾಗಿ ಹೇಳುತ್ತ ಬಂದಿದ್ದೇವೆ. ಆ ಆಯ್ಕೆಯಲ್ಲಿದ್ದ ವಿವೇಕವನ್ನು ಕುರಿತು ಮಾತ್ರ ಅಷ್ಟಾಗಿ ಯೋಚಿಸಿಲ್ಲ. ಒನಕೆ ಹಗುರವಾದ ವಸ್ತುವಲ್ಲ. ಭತ್ತ ಕುಟ್ಟುವವಳು ಅದನ್ನು ಎತ್ತುತ್ತಾಳೆ, ನೇರವಾಗಿ ಬಿಡುತ್ತಾಳೆ; ಉಳಿದ ಕೆಲಸವನ್ನು ಅದರ ತೂಕವೇ ಮಾಡುತ್ತದೆ. ದಿನವೂ ಹಿಡಿದು ಕೈಗೆ ಒಗ್ಗಿದ್ದ ಭಾರವಾದ ವಸ್ತುವೊಂದು ಆ ಗಳಿಗೆಯಲ್ಲಿ ಆಕೆಗೆ ಒದಗಿತು.

ಈ ಮಾತನ್ನು ಹೇಳಲು ಕಾರಣವಿದೆ. ಗಾದಿಗನೂರಿನಲ್ಲಿರುವ ನಮ್ಮ ಬಂಧುವರ್ಗದ ತರುಣಿಯೊಬ್ಬಳು ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ಗುರಿಯ ರುಚಿ ಹತ್ತಿಸಿಕೊಂಡು, ಈಗ ಪಿಸ್ತೂಲಿನ ಅಭ್ಯಾಸ ಮಾಡುತ್ತಿದ್ದಾಳೆ. ತನ್ನದೇ ಆದ ಒಂದು ಆಯುಧ ಬೇಕೆಂದು ಅಂಗಡಿಗೆ ಹೋದಾಗ ಆಕೆಯ ಮುಂದೆ ಮೊದಲು ಇಟ್ಟದ್ದು ಅಂಗೈಯಲ್ಲಿ ಅಡಗುವಂಥದನ್ನು. ಮನೆಯವರ ಅಭಿಪ್ರಾಯವೂ ಅದೇ: ಹೆಣ್ಣುಮಗಳಿಗೆ ಸಣ್ಣದು ಸಾಕು. ಆಕೆ ನನಗೆ ಹೇಳಿದ್ದು ಒಂದೇ ಮಾತು: “ಸಣ್ಣದು ಕೈಯಾಗ ಜಿಗೀತೈತಿ ತಾತಾ, ದೊಡ್ಡದು ಕುಂದ್ರತೈತಿ.” ಕನ್ನಡ ಕಲಿಸಿದ ನನಗೆ ಆ ವಾಕ್ಯದ ಅಂದ ಮೊದಲು ಹಿಡಿಸಿತು, ಅದರ ಅರ್ಥ ಆಮೇಲೆ ವಿಚಾರಕ್ಕೆ ಹಚ್ಚಿತು.

‘ಹೆಣ್ಣಿಗೆ ಸಣ್ಣದು’ ಎಂಬ ಭಾವನೆ ಅಂಗಡಿಯೊಂದರದಲ್ಲ. 2014ರಲ್ಲಿ ಕಾನ್ಪುರದ ಸರ್ಕಾರಿ ಆಯುಧ ಕಾರ್ಖಾನೆ ‘ನಿರ್ಭೀಕ್’ ಎಂಬ ರಿವಾಲ್ವರನ್ನು ಹೊರತಂದಿತು. 2012ರ ದೆಹಲಿಯ ದಾರುಣ ಘಟನೆಯ ನೆನಪು ಆ ಹೆಸರಿನಲ್ಲಿತ್ತು. ಭಾರತದಲ್ಲಿ ಹೆಂಗಸರಿಗೆಂದೇ ಮಾಡಿದ ಮೊದಲ ರಿವಾಲ್ವರೆಂದು ಅದು ಪ್ರಚಾರವಾಯಿತು. .32 ಬೋರು, ಸುಮಾರು 500 ಗ್ರಾಂ ತೂಕ, ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ರೂಪಾಯಿಗೂ ಮಿಗಿಲು. ಇಡಲು ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆ. ಬೆಲೆ ಸಾಮಾನ್ಯ ಹೆಂಗಸಿನ ಅಳವಿನದಲ್ಲವೆಂದು ಆಗ ಟೀಕೆಗಳು ಬಂದವು. ತೂಕವನ್ನು ಮಾತ್ರ ಎಲ್ಲರೂ ಗುಣವೆಂದೇ ಎಣಿಸಿದಂತೆ ಕಾಣುತ್ತದೆ. ಚೀಲದಲ್ಲಿ ಒಯ್ಯುವವಳಿಗೆ ಅದು ಗುಣವೇ ಸರಿ. ಗುಂಡು ಹಾರಿಸುವವಳಿಗೆ?

ಹಂಪಿಯ ಬಳಿ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವರು ಒಂದು ಸಂಗತಿಯನ್ನು ಬಲ್ಲರು. ಹಗುರವಾದ ಹರಿಗೋಲಿನಿಂದ ದಡಕ್ಕೆ ನೆಗೆದರೆ ಅದು ಸರ್ರನೆ ಹಿಂದಕ್ಕೆ ಸರಿಯುತ್ತದೆ. ಜನ ತುಂಬಿ ಭಾರವಾದ ಹರಿಗೋಲಾದರೆ ಅಷ್ಟು ಸರಿಯದು. ಗುಂಡು ಮುಂದಕ್ಕೆ ಹಾರಿದಾಗ ಪಿಸ್ತೂಲು ಹಿಂದಕ್ಕೆ ಒದೆಯುವುದೂ ಇದೇ ನಿಯಮದಿಂದ. ಒಂದೇ ಬಗೆಯ ತೋಟೆಯನ್ನು 500 ಗ್ರಾಂ ತೂಕದ ಆಯುಧದಿಂದಲೂ 1000 ಗ್ರಾಂ ತೂಕದ ಆಯುಧದಿಂದಲೂ ಹಾರಿಸಿದರೆ, ಹಗುರವಾದದ್ದು ಹೆಚ್ಚುಕಡಿಮೆ ಇಮ್ಮಡಿ ವೇಗದಿಂದ ಕೈಯನ್ನು ಒದೆಯುತ್ತದೆ. ಮೃದುವಾದ ಕೈಗೆಂದು ಆರಿಸಿದ ಆಯುಧವೇ ಆ ಕೈಗೆ ಹೆಚ್ಚು ಕಠಿಣವಾಗುವುದೆಂದರೆ ಇದೇ.

ಒದೆತದ ನೋವು ದೊಡ್ಡದಲ್ಲ. ಅದರ ನೆನಪು ದೊಡ್ಡದು. ಒಮ್ಮೆ ಒದೆಸಿಕೊಂಡ ಕೈ ಮುಂದಿನ ಸಲ ಗುಂಡು ಹಾರುವ ಮೊದಲೇ ಬೆಚ್ಚುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ಗುರಿ ಕೆಳಕ್ಕೆ ಜಾರುತ್ತದೆ. ಹೊಸದಾಗಿ ಕಲಿಯುವವರಲ್ಲಿ ಅನೇಕರು ಸೋಲುವುದು ಈ ಬೆಚ್ಚುವಿಕೆಯಿಂದ. ಅದನ್ನು ಕಂಡವರು ‘ಹೆಂಗಸಿನ ಕೈಗೆ ಇದು ಬಾರದು’ ಎನ್ನುತ್ತಾರೆ. ದೋಷ ಆಯುಧದ್ದು, ಅಪವಾದ ಹೆಂಗಸಿಗೆ.

ಎರಡನೆಯದು ಗುರಿಯ ಸಂಗತಿ. ಪಿಸ್ತೂಲಿನ ಮೇಲೆ ಹಿಂದೊಂದು, ಮುಂದೊಂದು ಗುರಿಕಡ್ಡಿಗಳಿರುತ್ತವೆ. ಅವೆರಡನ್ನೂ ಒಂದೇ ಸಾಲಿಗೆ ತರುವುದೇ ಗುರಿ ಹಿಡಿಯುವುದು. ಅವುಗಳ ನಡುವಣ ಅಂತರ 150 ಮಿಲಿಮೀಟರ್ ಇದ್ದು ಸಾಲು ಒಂದು ಮಿಲಿಮೀಟರಿನಷ್ಟು ತಪ್ಪಿದರೆ, 25 ಮೀಟರ್ ದೂರದಲ್ಲಿ ಗುಂಡು ಸುಮಾರು 17 ಸೆಂಟಿಮೀಟರ್ ಆಚೆಗೆ ಬೀಳುತ್ತದೆ. ಅಂತರ 100 ಮಿಲಿಮೀಟರ್ ಮಾತ್ರ ಇದ್ದರೆ ಅದೇ ತಪ್ಪಿಗೆ 25 ಸೆಂಟಿಮೀಟರ್. ಉದ್ದವಾದ ಪಿಸ್ತೂಲು ಕೈಯ ಸಣ್ಣಪುಟ್ಟ ತಪ್ಪುಗಳನ್ನು ಹೆಚ್ಚು ಕ್ಷಮಿಸುತ್ತದೆ.

ಹಾಗೆಂದು ದೊಡ್ಡದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ನೋಡಬೇಕಾದದ್ದು ಹಿಡಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಣ ಕವಲು ಹಿಡಿಯ ಹಿಂಬದಿಗೆ ಮೇಲಕ್ಕೆ ಒತ್ತಿ ಕೂರಬೇಕು. ನಳಿಗೆ ಮುಂಗೈಯ ನೇರಕ್ಕೆ ಬರಬೇಕು. ಹಾಗೆ ಹಿಡಿದಿರುವಾಗಲೇ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರನ್ನು ಸಲೀಸಾಗಿ ಮುಟ್ಟಬೇಕು. ಬೆರಳು ಎಟುಕದೆ ಹಿಡಿತವನ್ನು ಓರೆ ಮಾಡಬೇಕಾಗಿ ಬಂದರೆ ಒದೆತ ಅಂಗೈಗೆ ಬೀಳದೆ ಹೆಬ್ಬೆರಳಿನ ಬುಡಕ್ಕೆ ಬೀಳುತ್ತದೆ, ಗುಂಡೂ ಪಕ್ಕಕ್ಕೆ ಸರಿಯುತ್ತದೆ. ಸಣ್ಣ ಕೈಯವರಿಗೆ ತೆಳು ಹಿಡಿಯ ದೊಡ್ಡ ಪಿಸ್ತೂಲು ಒಗ್ಗುವುದುಂಟು. ಹಿಡಿಯ ಹಿಂಬದಿಯ ಪಟ್ಟಿಯನ್ನು ಬದಲಿಸಿ ಕೈಗೆ ಹೊಂದಿಸುವ ಮಾದರಿಗಳೂ ಇವೆ. ಪಿಸ್ತೂಲಿನ ಮೇಲಿನ ಜಾರುಭಾಗವನ್ನು ಹಿಂದಕ್ಕೆಳೆಯಲು ಹೆಂಗಸಿನ ಬಲ ಸಾಲದೆಂಬ ಮಾತೂ ಇದೆ. ನಿಜವೇನೆಂದರೆ ಸಣ್ಣ ಪಿಸ್ತೂಲುಗಳ ಸ್ಪ್ರಿಂಗುಗಳೇ ಸಾಮಾನ್ಯವಾಗಿ ಹೆಚ್ಚು ಬಿಗಿ. ಒಂದು ಕೈಯಿಂದ ಜಾರುಭಾಗವನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಬಲಕ್ಕಿಂತ ಉಪಾಯ ಕೆಲಸ ಮಾಡುತ್ತದೆ.

ತೂಕಕ್ಕೂ ಮಿತಿಯುಂಟು. ಖಾಲಿ ಆಯುಧವನ್ನು ಚಾಚಿದ ಕೈಯಲ್ಲಿ ಅರ್ಧ ನಿಮಿಷ ಹಿಡಿದು ನೋಡಬೇಕು. ಮುಂದಿನ ಗುರಿಕಡ್ಡಿ ನಡುಗತೊಡಗಿದರೆ ಅದು ಆ ತೋಳಿಗೆ ಸದ್ಯಕ್ಕೆ ಭಾರ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಒಂದೇ ಕೈಯಲ್ಲಿ ಹಿಡಿದು ಹಾರಿಸಬೇಕು. ಅಲ್ಲಿ 25 ಮೀಟರ್ ಪಿಸ್ತೂಲು 1400 ಗ್ರಾಂ ಮೀರಕೂಡದು, 10 ಮೀಟರ್ ಏರ್ ಪಿಸ್ತೂಲು 1500 ಗ್ರಾಂ ಮೀರಕೂಡದು. ಗಮನಿಸಬೇಕಾದ ಸಂಗತಿಯೆಂದರೆ ಈ ಮಿತಿ ಗಂಡಿಗೂ ಹೆಣ್ಣಿಗೂ ಒಂದೇ. ಒಲಿಂಪಿಕ್ಸಿನಲ್ಲಿ ಮಹಿಳೆಯರ 25 ಮೀಟರ್ ಪಿಸ್ತೂಲು ಸ್ಪರ್ಧೆ 1984ರಲ್ಲಿ, ಏರ್ ಪಿಸ್ತೂಲು ಸ್ಪರ್ಧೆ 1988ರಲ್ಲಿ ಆರಂಭವಾದವು. ಆದರೂ ಏರ್ ಪಿಸ್ತೂಲಿನಲ್ಲಿ ಗಂಡಸರು 60 ಗುಂಡು ಹಾರಿಸಿದರೆ ಹೆಂಗಸರಿಗೆ 40 ಮಾತ್ರ ಎಂಬ ಭೇದ ಬಹುಕಾಲ ಉಳಿದಿತ್ತು. 2018ರಲ್ಲಿ ಅದೂ ಅಳಿಯಿತು. ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಿಂದ ಎರಡು ಬೆಳ್ಳಿ ಪದಕಗಳನ್ನು ತಂದದ್ದೂ, ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಎರಡು ಕಂಚು ಗೆದ್ದದ್ದೂ ಗಂಡಸರ ತೂಕದ ಮಿತಿಗೇ ಒಳಪಟ್ಟ ಏರ್ ಪಿಸ್ತೂಲಿನಿಂದ.

ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. ಹಂಪಿಯ ಮಹಾನವಮಿ ದಿಬ್ಬದ ಶಿಲ್ಪಪಟ್ಟಿಕೆಗಳಲ್ಲಿ ಬಿಲ್ಲು ಹಿಡಿದು ಬೇಟೆಯಾಡುವ ಹೆಂಗಸರಿದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಅರಮನೆಯ ಸ್ತ್ರೀಯರಲ್ಲಿ ಕತ್ತಿ ಗುರಾಣಿ ಬಳಸುವವರೂ ಕುಸ್ತಿಯಾಡುವವರೂ ಇದ್ದರೆಂದು ಬರೆದಿದ್ದಾನೆ. ಕೊಡಗಿನಲ್ಲಿ ಕೈಲ್ ಪೋಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ಹೆಂಗಸರು ಇಂದಿಗೂ ಕೋವಿ ಎತ್ತುತ್ತಾರೆ.

ಇನ್ನು ಕಾನೂನಿನ ಮಾತು. 1959ರ ಆಯುಧ ಕಾಯಿದೆಯಂತೆ ಪಿಸ್ತೂಲು, ರಿವಾಲ್ವರುಗಳಿಗೆ ಪರವಾನಗಿ ಬೇಕು. ಸಾಮಾನ್ಯ ನಾಗರಿಕರಿಗೆ .32, .22 ಮೊದಲಾದ ಬೋರುಗಳು ಸಿಗುತ್ತವೆ; 9 ಮಿಲಿಮೀಟರಿನಂಥವು ನಿಷಿದ್ಧ. 2019ರ ತಿದ್ದುಪಡಿಯ ಮೇಲೆ ಒಬ್ಬರು ಸಾಮಾನ್ಯವಾಗಿ ಎರಡು ಬಂದೂಕುಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸೀರೆಯಂತೆ ಹಿಂದಿರುಗಿಸಿ ಬೇರೊಂದು ತರುವ ವಸ್ತು ಇದಲ್ಲವಾದ್ದರಿಂದ, ಕೊಳ್ಳುವ ಮೊದಲು ಕ್ಲಬ್ಬಿನಲ್ಲಿ ಹಲವನ್ನು ಹಾರಿಸಿ ನೋಡುವುದು ಜಾಣತನ. ಕೊಂಡ ಮೇಲೆ ಮನೆಯಲ್ಲಿ ತೋಟೆ ಬೇರೆ, ಆಯುಧ ಬೇರೆ ಬೀಗದಲ್ಲಿರಬೇಕು. ಹಾರಿಸುವ ತನಕ ಬೆರಳು ಟ್ರಿಗರಿನಿಂದ ಹೊರಗಿರಬೇಕು. ಖಾಲಿಯಾಗಿದೆಯೆಂದು ನಂಬುವುದಕ್ಕೆ ಮುನ್ನ ಮ್ಯಾಗಜಿನನ್ನು ತೆಗೆದು, ನಳಿಗೆಯ ಕೋಣೆಯನ್ನೂ ಕಣ್ಣಾರೆ ನೋಡಬೇಕು.

ಆಯುಧ ಬೇಕೇ ಬೇಡವೇ ಎಂಬುದು ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆ. ಬೇಡವೆನ್ನುವವರ ಮಾತಿಗೂ ಬೆಲೆಯುಂಟು. ಬೇಕೆಂದು ನಿಶ್ಚಯಿಸಿದವಳಿಗೆ ಮಾತ್ರ ಅಂಗಡಿಯವನೂ ಅಣ್ಣನೂ ಅಪ್ಪನೂ ಆರಿಸಿಕೊಡಲಾಗದು. ಅಳತೆ ಆಕೆಯ ಅಂಗೈಯದು, ಬೆರಳಿನದು, ತೋಳಿನದು. ಅವುಗಳಿಂದಲೇ ಕೇಳಿ ತಿಳಿಯಬೇಕು.